ಸುರಂಗ ಮುಚ್ಚುವ ದಿನ

ನವೆಂಬರ್ ೯

ಗೂಬೆಗೆ,

ಕ್ಷೇಮವೇ ಅಂತ ಕೇಳುವುದಿಲ್ಲ. ಕಂಪನಿಯ ಶೆಡ್ಡಿನಲ್ಲಿ ಮಲಗಿ ಕಂಪನಿಯ ಅನ್ನ ಉಣ್ಣುವವರು ಕ್ಷೇಮವಾಗಿಯೇ ಇರುತ್ತಾರೆ.

ನಿನ್ನ ಹೊಸ ಕೆಲಸದ ಸುದ್ದಿ ನನಗೆ ನಿನ್ನಿಂದ ಬರಲಿಲ್ಲ. ಹಡಗು ರಿಪೇರಿ ಯಾರ್ಡಿನ ಗೇಟಿನಲ್ಲಿ ಲಾಂದ್ರದಜ್ಜಿ ತಡೆದು ನಿಲ್ಲಿಸಿ ಹೇಳಿದಳು: "ಏನಮ್ಮಾ ಲೀಡರ್, ಗಣಿ ಬಾಗಿಲು ತೆಗೆಯೋರ ಜೊತೆ ನಿನ್ನ ತಂಗೀನೇ ಸೇರ್ಕೊಂಡಿದಾಳಂತಲ್ಲ?" ವೆಲ್ಡಿಂಗ್ ಕನ್ನಡಕ ಇನ್ನೂ ಹಣೆಯ ಮೇಲೇ ಇತ್ತು. ಕೆಳಗೆಳೆದು ಮುಖ ಮುಚ್ಚಿಕೊಳ್ಳೋಣ ಅನ್ನಿಸಿತು. ಅಜ್ಜಿ ಯಾರು ಅಂತ ನಿನಗೆ ಹೇಳಬೇಕೇ? ಗಣಿಯ ದೀಪದ ಕೋಣೆಯಲ್ಲಿ ಕೂತು ಒಳಗಿಳಿಯುವ ಪ್ರತಿಯೊಬ್ಬನ ಕೈಗೂ ದೀಪ ಕೊಡುತ್ತಿದ್ದವಳು. ಆ ದಿನ ಅಪ್ಪನ ಕೈಗೂ ಅವಳೇ ಕೊಟ್ಟಳು, ತನ್ನ ಮಗನ ಕೈಗೂ ಅವಳೇ ಕೊಟ್ಟಳು. ಎರಡು ದೀಪವೂ ವಾಪಸ್ ಬರಲಿಲ್ಲ.

ನೀನು ಆಗ ತೊಟ್ಟಿಲಲ್ಲಿದ್ದೆ. ಅಪ್ಪನ ಮುಖ ನಿನಗೆ ನೆನಪಿಲ್ಲ, ಅದು ನಿನ್ನ ತಪ್ಪೂ ಅಲ್ಲ. ನನಗೆ ನೆನಪಿದೆ. ಮೂರನೇ ಸುರಂಗ ಕುಸಿದ ಮೇಲೆ ಕಂಪನಿ ಏನು ಮಾಡಿತು ಅನ್ನುವುದೂ ನೆನಪಿದೆ. ಹೆಣ ಹುಡುಕುವುದನ್ನು ನಿಲ್ಲಿಸಿತು, ಗಣಿಗೆ ಬೀಗ ಹಾಕಿತು, ಹೊರಟುಹೋಯಿತು. ಸುರಂಗದ ಬಾಯಿ ಮಾತ್ರ ಹಾಗೇ ತೆರೆದಿತ್ತು. ಊರು ಖಾಲಿಯಾಗಿ ನಾವೆಲ್ಲ ಈ ಬಂದರಿಗೆ ಬಂದು ಬಿದ್ದ ಮೇಲೆ, ಗುಜರಿ ಕಬ್ಬಿಣ ಆರಿಸಲು ಒಳಗೆ ಹೋದವರೂ ಅಲ್ಲೇ ಸತ್ತರು. ನಮ್ಮ ಸಂಘ ಹುಟ್ಟಿದ್ದು ಒಂದೇ ಬೇಡಿಕೆಗೆ: ಆ ಸುರಂಗ ಮುಚ್ಚಿ, ಅದರ ಮೇಲೆ ನಮ್ಮವರ ಹೆಸರು ಕೆತ್ತಿದ ಕಲ್ಲು ನಿಲ್ಲಿಸಿ. ಇಪ್ಪತ್ತು ವರ್ಷದ ಮೇಲಾಯಿತು. ಒಂದು ಬುಟ್ಟಿ ಮಣ್ಣೂ ಬೀಳಲಿಲ್ಲ.

ಈಗ ಅದೇ ಕಂಪನಿ ಬೋರ್ಡು ಬದಲಿಸಿಕೊಂಡು, ಬೆಟ್ಟವನ್ನು ನೆತ್ತಿಯಿಂದ ಬಗೆಯಲು ಬಂದಿದೆ. ಅದಕ್ಕೆ ನೀನು "ವನ್ಯಜೀವಿಗಳ ಮೇಲೆ ಗಣಿಯ ಪರಿಣಾಮ" ಅಂತ ವರದಿ ಬರೆದುಕೊಡುತ್ತೀಯಂತೆ. ಮನುಷ್ಯರ ಮೇಲೆ ಆದ ಪರಿಣಾಮ ಬರೆಯಲು ಯಾವನೂ ಬರಲಿಲ್ಲ ಕಣೇ. ನಿನ್ನ ಬಾವಲಿಗಳದು ಬರೆಯಲು ನೀನು ಬಂದೆಯಾ?

ಅಮ್ಮ ಚೆನ್ನಾಗಿದ್ದಾಳೆ. ನಿನ್ನ ಸ್ವೆಟರಿನ ತೋಳು ಹೆಣೆಯುತ್ತಿದ್ದಾಳೆ. ನಾನಾಗಿದ್ದರೆ ಬಿಚ್ಚಿಡುತ್ತಿದ್ದೆ.

ಅಕ್ಕ


ನವೆಂಬರ್ ೨೭

ಬೆಂಕಿಪೊಟ್ಟಣಕ್ಕೆ,

ನಿನ್ನ ಕಾಗದ ಓದುವಾಗ ಕೈ ಸುಟ್ಟಿತು. ಇಲ್ಲಿ ಫೋನ್ ಹಿಡಿಯುವುದಿಲ್ಲ, ವಾರಕ್ಕೊಮ್ಮೆ ತರಕಾರಿ ಹೊತ್ತು ಬರುವ ಲಾರಿಯೇ ಅಂಚೆ. ಸಿಟ್ಟಿನಲ್ಲಿ ಬರೆದ ಉತ್ತರ ಲಾರಿ ಬರುವಷ್ಟರಲ್ಲಿ ತಣ್ಣಗಾಗಿತ್ತು. ಹರಿದು ಹಾಕಿ ಇದನ್ನು ಬರೆಯುತ್ತಿದ್ದೇನೆ.

ಹೌದು, ನನ್ನ ಸಂಬಳ ಕಂಪನಿಯದು. ಅಗೆಯುವವನೇ ಪರಿಶೀಲನೆಯ ಖರ್ಚು ಹೊರಬೇಕು ಅನ್ನುವುದು ಕಾನೂನು. ಆದರೆ ವರದಿ ಹೋಗುವುದು ಸರ್ಕಾರಕ್ಕೆ, ಕೆಳಗೆ ಬೀಳುವುದು ನನ್ನ ಸಹಿ. ನಾನು ಬಿಟ್ಟರೆ ಈ ಬೆಟ್ಟದ ಮುಖವನ್ನೇ ನೋಡದ ಇನ್ನೊಬ್ಬ ಬಂದು "ಗಮನಾರ್ಹ ಪರಿಣಾಮವಿಲ್ಲ" ಅಂತ ಬರೆದು ಎದ್ದು ಹೋಗುತ್ತಾನೆ. ಆ ಎರಡು ಪದ ಎಷ್ಟು ಕಾಡು ನುಂಗಿವೆ ಗೊತ್ತಾ ನಿನಗೆ?

ನನ್ನ ಕೋಣೆ ನೋಡಿದರೆ ನಗುತ್ತೀ. ಗೋಡೆಯುದ್ದಕ್ಕೂ ಬೆಟ್ಟದಿಂದ ಕೊರೆದು ತೆಗೆದ ಕಲ್ಲಿನ ಕೋಲುಗಳ ಪೆಟ್ಟಿಗೆಗಳು. ಒಂದು ಪೆಟ್ಟಿಗೆಯ ಮೇಲೆ ಉಣ್ಣುತ್ತೇನೆ, ಇನ್ನೊಂದರ ಮೇಲೆ ಬರೆಯುತ್ತೇನೆ. ಸಂಜೆ ಹೊರಬೀಳುತ್ತೇನೆ. ಅದಕ್ಕೇ ತಾನೇ ನೀನು ಚಿಕ್ಕಂದಿನಿಂದ ಗೂಬೆ ಅನ್ನುವುದು.

ನಾನು ಹುಡುಕಿಕೊಂಡು ಬಂದದ್ದು ಮಡಿಚುಗಿವಿಯ ಬಾವಲಿಯನ್ನು. ಒಂದು ಕೀಲಿಕೈಯಷ್ಟು ತೂಕ. ಕಾಗದ ಮಡಿಚಿದ ಹಾಗೆ ಕಿವಿ. ಅಳಿದುಹೋಗುವ ಜೀವಿಗಳ ಪಟ್ಟಿಯಲ್ಲಿದೆ, ಯಾಕೆಂದರೆ ಅದು ವರ್ಷಕ್ಕೆ ಒಂದೇ ಮರಿ ಹಾಕುತ್ತದೆ, ಮರಿ ಹಾಕಲು ಬೆಚ್ಚಗಿನ ಕತ್ತಲ ಚಾವಣಿಯೇ ಬೇಕು. ಅಂಥ ಚಾವಣಿಗಳನ್ನೆಲ್ಲ ನಾವು ಸಿಡಿಸಿ ಮುಗಿಸಿದ್ದೇವೆ. ಹೆರಿಗೆಯ ಹೊತ್ತಿಗೆ ತಾಯಿ ತನ್ನ ಬಾಲದ ತೊಗಲನ್ನೇ ತೊಟ್ಟಿಲು ಮಾಡಿ ಹಿಡಿಯುತ್ತಾಳೆ, ಮರಿ ಅದರೊಳಗೆ ಬೀಳುತ್ತದೆ. ಸಂಜೆ ಮರಿಯನ್ನು ಚಾವಣಿಗೆ ತೂಗುಹಾಕಿ ಹುಳ ಹಿಡಿಯಲು ಹೋಗುತ್ತಾಳೆ. ವಾಪಸ್ ಬಂದಾಗ ಸಾವಿರ ಮರಿಗಳು ಒಟ್ಟಿಗೆ ಚೀರುತ್ತಿರುತ್ತವೆ. ಆ ಗದ್ದಲದಲ್ಲಿ ತನ್ನದನ್ನು ದನಿಯಿಂದಲೇ ಗುರುತು ಹಿಡಿಯುತ್ತಾಳೆ. ಮೆರವಣಿಗೆಯ ಅಷ್ಟೂ ಘೋಷಣೆಯಲ್ಲಿ ನಾನು ನಿನ್ನ ದನಿ ಗುರುತು ಹಿಡಿಯುತ್ತಿದ್ದೆನಲ್ಲ, ಹಾಗೆ.

ಬೆಟ್ಟದ ನೆರಳಿನ ಮಗ್ಗುಲಲ್ಲಿ ಒಂದು ಗವಿ ಸಿಕ್ಕಿದೆ. ನೆಲದ ತುಂಬ ಹಳೆಯ ಹಿಕ್ಕೆ, ಚಾವಣಿಯಲ್ಲಿ ಅವು ಜೋತುಬಿದ್ದ ಕಪ್ಪು ಕಲೆ. ಈಗ ಖಾಲಿ. ಚಳಿಗಾಲಕ್ಕೆ ಎಲ್ಲೋ ಹೋಗಿವೆ. ಇಲ್ಲಿನ ಮ್ಯಾನೇಜರ್ ಮೊದಲು ಗೇಲಿ ಮಾಡಿದ: "ಮೇಡಂ, ಒಂದು ಹಿಡಿ ಬಾವಲಿಗೋಸ್ಕರ ಒಂದು ಬೆಟ್ಟ ನಿಲ್ಸೋಕಾಗುತ್ತಾ?" ಈಗೀಗ ಕೂತು ಕೇಳುತ್ತಾನೆ. ಯಾವಾಗ ಬರ್ತವೆ, ಬಂದರೆ ಏನಾಗುತ್ತೆ, ಅಂತೆಲ್ಲ. ಮಾರ್ಚ್ ಕೊನೆಗೆ ಬಂದರೆ ಈ ಮಗ್ಗುಲನ್ನು ನೀವು ಮುಟ್ಟೋ ಹಾಗಿಲ್ಲ ಸಾರ್, ಅಂದೆ. ಪುಣ್ಯಾತ್ಮನಿಗೆ ಕುತೂಹಲವಾದರೂ ಬಂತಲ್ಲ ಅಂತ ಖುಷಿಯಾಯಿತು.

ಉಣ್ಣೆ ಬಿಚ್ಚಬೇಡ. ಇಲ್ಲಿ ಚಳಿ.

ಗೂಬೆ


ಡಿಸೆಂಬರ್ ೨೧

ಗೂಬೆಗೆ,

ನಿನ್ನ ಕಾಗದವನ್ನು ಯಾರ್ಡಿನ ಕ್ಯಾಂಟೀನಿನಲ್ಲಿ ಓದಿದೆ. ಒಬ್ಬಳೇ ಓದೋಣ ಅಂತಿದ್ದೆ, ನನ್ನ ಪಕ್ಕದ ಪೈಪ್ ಫಿಟ್ಟರ್ ಭುಜದ ಮೇಲಿಂದ ಇಣುಕಿದ. "ಬಾಲದಲ್ಲಿ ತೊಟ್ಟಿಲಾ? ಜೋರಾಗಿ ಓದಕ್ಕಾ" ಅಂದ. ಕೊನೆಗೆ ಇಡೀ ಬೆಂಚು ಟೀ ಆರಲು ಬಿಟ್ಟು ಕೂತಿತ್ತು. ಫೋರ್‌ಮನ್ ಸಿಳ್ಳೆ ಹೊಡೆದರೂ ಏಳಲಿಲ್ಲ. ನನ್ನ ಭಾಷಣಕ್ಕೆ ಇವರು ಒಂದು ದಿನವೂ ಹೀಗೆ ಕೂತಿಲ್ಲ, ದ್ರೋಹಿಗಳು.

ಅಮ್ಮ ಆ ಮರಿಯ ದನಿಯ ಭಾಗವನ್ನು ಮತ್ತೆ ಮತ್ತೆ ಓದಿಸಿಕೊಂಡಳು. "ತಪ್ಪೋದೇ ಇಲ್ವಂತಾ?" ಅಂತ ಕೇಳಿದಳು.

ಕಂಪನಿಯ ಅನ್ನದ ಮಾತು ವಾಪಸ್ ತೆಗೆದುಕೊಳ್ಳುವುದಿಲ್ಲ. ಆದರೆ ಖಾಲಿ ಗವಿಯೊಳಗೆ ಕೂತು ಬಾರದವರಿಗಾಗಿ ಚಳಿಗಾಲವೆಲ್ಲ ಕಾಯುವ ಛಲ ನಮ್ಮ ಮನೆಯದೇ ಅಂತ ಒಪ್ಪುತ್ತೇನೆ. ನನಗೆ ಕಾಯಲು ಬರುವುದಿಲ್ಲ. ನಿನಗೆ ಎಲ್ಲಿಂದ ಬಂತೋ.

ಇನ್ನೊಂದು ವಿಷಯ. ಮೊನ್ನೆ ನಿಮ್ಮ ಮ್ಯಾನೇಜರ್ ಸಂಘದ ಕಚೇರಿಗೆ ಬಂದಿದ್ದ. ಮುರಿದ ಕುರ್ಚಿಯಲ್ಲೇ ಕೂತು, ನಮ್ಮ ಕಹಿ ಟೀ ಕುಡಿದು, ಎರಡನೇ ಲೋಟವನ್ನೂ ಕೇಳಿದ. ಕಂಪನಿಯವನೊಬ್ಬ ಇಷ್ಟು ಸಿಹಿಯಾಗಿ ಮಾತಾಡಿದ್ದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಏನು ಮಾತು ಅಂತ ಈಗ ಹೇಳುವುದಿಲ್ಲ, ಪಕ್ಕಾ ಆಗಲಿ. ಫೆಬ್ರವರಿ ಹದಿನೆಂಟು ಖಾಲಿ ಇಟ್ಟುಕೋ. ಅದು ಯಾವ ದಿನ ಅಂತ ನಿನಗೆ ಗೊತ್ತಿದೆ.

ಅಕ್ಕ


ಜನವರಿ ೧೨

ಬೆಂಕಿಪೊಟ್ಟಣಕ್ಕೆ,

ಸಿಕ್ಕಿತು! ಹಿಕ್ಕೆಯ ರಾಶಿಯನ್ನು ಜರಡಿ ಹಿಡಿಯುತ್ತಿದ್ದಾಗ ಒಣಗಿದ ಮರಿಯೊಂದು ಕೈಗೆ ಬಂತು. ಹೋದ ವರ್ಷದ್ದು, ಬಿದ್ದು ಸತ್ತದ್ದು. ಹಾಲುಹಲ್ಲು ಇನ್ನೂ ಇದೆ. ಸತ್ತ ಮರಿ ಕಂಡು ಕುಣಿದವಳು ನಾನೊಬ್ಬಳೇ ಇರಬೇಕು. ಅಂದರೆ ಇಲ್ಲಿ ಹೆರಿಗೆ ಆಗುತ್ತದೆ, ಇದು ಬರೀ ತಂಗುದಾಣವಲ್ಲ. ಆದರೆ ಸರ್ಕಾರಕ್ಕೆ ಒಣ ಮರಿ ಸಾಲದು. ಬಸುರಿ ತಾಯಂದಿರನ್ನು ಕಣ್ಣಾರೆ ಕಂಡು ಬರೆಯಬೇಕು. ಮಾರ್ಚ್ ಬರಲಿ.

ಕಾಯುವುದು ಅಂದರೆ ಸುಮ್ಮನೆ ಕೂರುವುದು ಅಂದುಕೊಂಡೆಯಾ? ಸಿಡಿಮದ್ದು ಹಾರಿಸಿದರೆ ಚಾವಣಿ ಎಷ್ಟು ನಡುಗುತ್ತದೆ ಅಂತ ಅಳೆಯುತ್ತಿದ್ದೇನೆ. ಕೆಳಗಿನ ಜೌಗಿನಲ್ಲಿ ಬಿಳಿ ಬಟ್ಟೆ ಕಟ್ಟಿ ದೀಪ ಹಚ್ಚಿ ಹುಳ ಎಣಿಸುತ್ತಿದ್ದೇನೆ. ಗಣಿ ಆ ನೀರು ಹೀರಿದರೆ ಹುಳವಿಲ್ಲ, ಹುಳವಿಲ್ಲದಿದ್ದರೆ ಹಾಲಿಲ್ಲ. ಗವಿ ಉಳಿಸಿ ಜೌಗು ಕೊಂದರೂ ಕೊಂದ ಹಾಗೆಯೇ.

ನಿನ್ನ ಸಿಹಿ ಸುದ್ದಿ ಏನು? ಅವನು ಅಷ್ಟು ದೂರ ಬಂದನಾ? ನನಗೆ ಒಂದು ಮಾತೂ ಹೇಳಲಿಲ್ಲ.

ನಾನು ಓಡಾಡುವ ಜಾಗಗಳ ಬಗ್ಗೆ ಅಮ್ಮನಿಗೆ ಹೆಚ್ಚು ಹೇಳಬೇಡ. ಸುಮ್ಮನೆ ಹೆದರುತ್ತಾಳೆ.

ಗೂಬೆ


ಜನವರಿ ೨೯

ಗೆದ್ದೆವು ಕಣೇ! ಗೆದ್ದೆವು!

ಕಂಪನಿ ಬರೆದುಕೊಟ್ಟಿದೆ. ಮೂರನೇ ಸುರಂಗವನ್ನು ಕಾಂಕ್ರೀಟು ತುಂಬಿ ಮುಚ್ಚುತ್ತಾರೆ. ಕರಿಕಲ್ಲಿನ ಮೇಲೆ ಪ್ರತಿಯೊಬ್ಬರ ಹೆಸರು. ಫೆಬ್ರವರಿ ಹದಿನೆಂಟು, ಸುರಂಗ ಕುಸಿದ ಅದೇ ದಿನ, ಅದೇ ಜಾಗ. ಎಲ್ಲ ಕುಟುಂಬಗಳಿಗೂ ಬಸ್ಸು. ಅರ್ಜಿ ಕೊಟ್ಟರೆ ಅರ್ಜಿಯ ಮೇಲೇ ಟೀ ಲೋಟ ಇಡುತ್ತಿದ್ದ ಬೇವರ್ಸಿಗಳು, ಲಾಠಿ ಬೀಸಿದವರು, "ಸತ್ತೋರಿಗೇನು ಅವಸರ?" ಅಂತ ನಕ್ಕವರು, ಎಲ್ಲರೂ ಈಗ ಬಾಯಿ ಮುಚ್ಚಿಕೊಂಡಿದ್ದಾರೆ.

ಕಚೇರಿಯ ಸಭೆಯಲ್ಲಿ ಒಪ್ಪಂದ ಓದಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಲಾಂದ್ರದಜ್ಜಿ ಎದ್ದು ಬಂದು ನನ್ನ ಎರಡೂ ಕೈ ಹಿಡಿದಳು. "ಇನ್ನು ಮೇಲೆ ನಾನು ನಿದ್ದೆ ಮಾಡ್ತೀನಿ ಕಣೇ ಹುಡುಗಿ" ಅಂದಳು. ಅಷ್ಟೇ. ನನಗೆ ಅದಕ್ಕಿಂತ ದೊಡ್ಡ ಪದಕ ಬೇಡ.

ಅಪ್ಪನನ್ನು ಬಾಯಿ ತೆರೆದ ಕತ್ತಲಲ್ಲಿ ಬಿಟ್ಟು ಬಂದಿದ್ದೆವು. ಕೊನೆಗೂ ಬಾಗಿಲು ಹಾಕುತ್ತಿದ್ದೇವೆ. ನೀನು ನನ್ನ ಪಕ್ಕದಲ್ಲಿ ನಿಲ್ಲಬೇಕು.

ಅಕ್ಕ


ಫೆಬ್ರವರಿ ೫

ಅಕ್ಕಾ,

ಲಾರಿಗೆ ಕಾಯುವುದಿಲ್ಲ. ಇದನ್ನು ಹಿಡಿದು ಕೆಳಗಿನ ಊರಿನ ಅಂಚೆ ಪೆಟ್ಟಿಗೆಯವರೆಗೆ ನಾನೇ ನಡೆಯುತ್ತೇನೆ.

ನಾನು ಗವಿ ಅಂತ ಬರೆದದ್ದು ಗವಿಯಲ್ಲ. ಅದು ಮೂರನೇ ಸುರಂಗ. ಅಪ್ಪನ ಸುರಂಗ.

ಆ ಬಾಯಿಗೆ ಕಾಲಿಡುವುದಿಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟು ಬಂದಿದ್ದೆ. ಹಿಕ್ಕೆ ಒಳಗೆ ಕಂಡಿತು, ಕಾಲಿಟ್ಟೆ. ನಿನಗೆ ಹೇಳಿದರೆ ನೋಯುತ್ತೀ ಅಂತ ಗವಿ ಅಂದೆ. ಕುಸಿದ ಭಾಗ ಇನ್ನೂ ಒಳಗಿದೆ, ಅಲ್ಲಿಗೆ ಹೋಗಿಲ್ಲ. ಅದಕ್ಕೆ ಈಚೆಗೆ ಚಾವಣಿ ಗುಮ್ಮಟದ ಹಾಗೆ ಮೇಲೆದ್ದಿದೆ, ಬಿಸಿ ಅಲ್ಲಿ ನಿಲ್ಲುತ್ತದೆ. ಬಾವಲಿಗಳು ಆರಿಸಿಕೊಂಡದ್ದು ಅದನ್ನೇ. ಈ ಬೆಟ್ಟಸಾಲಿನಲ್ಲಿ ಅವುಗಳಿಗೆ ಉಳಿದಿರುವ ಹೆರಿಗೆಮನೆ ಅದೊಂದೇ.

ಈಗ ದಿನಾಂಕ ನೋಡು. ಮಾರ್ಚಿಗೆ ಬರುತ್ತವೆ ಅಂತ ನಾನು ಮ್ಯಾನೇಜರಿಗೆ ಹೇಳಿದ್ದು ನವೆಂಬರಿನಲ್ಲಿ. ಅವನು ನಿಮ್ಮ ಕಹಿ ಟೀ ಕುಡಿದದ್ದು ಡಿಸೆಂಬರಿನಲ್ಲಿ. ಮುಚ್ಚುವುದು ಫೆಬ್ರವರಿಯಲ್ಲಿ. ತಾಯಂದಿರು ಬರುವ ಹೊತ್ತಿಗೆ ಗೋಡೆ ಇರುತ್ತದೆ. ಬಾವಲಿ ಇಲ್ಲ, ಅಡ್ಡಿ ಇಲ್ಲ, ನೆತ್ತಿಯಿಂದ ಬುಡದವರೆಗೆ ಬೆಟ್ಟ ಅವರದು. ಮುಚ್ಚಿದ್ದು ಯಾರು ಅಂದರೆ ನಿಮ್ಮ ಸಹಿ ತೋರಿಸುತ್ತಾರೆ. ಜನರೇ ಕೇಳಿದರು ಅನ್ನುತ್ತಾರೆ.

ಅಡ್ಡ ಸರಳುಗಳ ಕಬ್ಬಿಣದ ಬಾಗಿಲು ಇಟ್ಟರೆ ಮನುಷ್ಯರು ಒಳಗೆ ಹೋಗಲಾರರು, ಬಾವಲಿಗಳು ಹಾರಬಹುದು. ಬೇರೆ ಕಡೆ ಮಾಡಿದ್ದಾರೆ.

ನಾನು ನಿನ್ನ ಗೆಲುವನ್ನು ವಾಪಸ್ ಕೊಡು ಅಂತ ಕೇಳುತ್ತಿದ್ದೇನೆ. ಏನು ಕೇಳುತ್ತಿದ್ದೇನೆ ಅಂತ ನನಗೆ ಗೊತ್ತು. ಬಂದೇ ಬರುತ್ತವೆ ಅಂತ ಪ್ರಮಾಣವನ್ನೂ ಮಾಡಲಾರೆ. ನನ್ನ ಕೈಯಲ್ಲಿರುವುದು ಒಂದು ರಾಶಿ ಹಿಕ್ಕೆ, ಒಂದು ಒಣ ಮರಿ.

ಗೂಬೆ


ಫೆಬ್ರವರಿ ೧೧

ಇಲ್ಲ.

ನೀನು ಅಪ್ಪನ ತಲೆಯ ಮೇಲೆ ನಡೆದಾಡಿ ಬಂದು ನನಗೆ ಗವಿ ಅಂತ ಬರೆದೆ. ನಾನು ಅದನ್ನು ಕ್ಯಾಂಟೀನಿನಲ್ಲಿ ಓದಿ ಎಲ್ಲರನ್ನೂ ನಗಿಸಿದೆ.

ಲಾಂದ್ರದಜ್ಜಿಗೆ ಏನು ಹೇಳಲಿ? ನಿನ್ನ ಮಗನ ಹೆಸರು ಬೇಡ, ಬಾವಲಿಗೆ ಹೆರಿಗೆ ಇದೆ ಅಂತಲೇ? ಕಂಪನಿ ಕಳ್ಳ ಅಂತ ನನಗೆ ನೀನು ಹೇಳಿಕೊಡಬೇಡ. ಕಳ್ಳನೇ ಕೊಟ್ಟರೂ ನಮ್ಮದು ನಮ್ಮದೇ.

ಕಾಗದ ಬರೆಯಬೇಡ.


ಫೆಬ್ರವರಿ ೧೯

ಅಕ್ಕಾ,

ಬರೆಯಬೇಡ ಅಂದಿದ್ದೆ. ಬರೆಯುತ್ತಿದ್ದೇನೆ. ನಿನ್ನೆ ನೀನು ಬಸ್ಸಿನಿಂದ ಇಳಿದವಳು ನನ್ನತ್ತ ನೋಡಲಿಲ್ಲ, ಹೋಗುವಾಗಲೂ ನೋಡಲಿಲ್ಲ. ನಾನು ಕಾಂಕ್ರೀಟ್ ಲಾರಿಯ ಚಕ್ರದ ಪಕ್ಕದಲ್ಲೇ ನಿಂತಿದ್ದೆ. ನಿನ್ನ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಏನು ಮಾಡಿತು ಅಂತ ನಿನಗೆ ಯಾರೂ ಹೇಳಿರುವುದಿಲ್ಲ. ನಾನು ಹೇಳುತ್ತೇನೆ.

ಮ್ಯಾನೇಜರ್ ಕೆಂಪು ಟೇಪು, ಕತ್ತರಿ ಹಿಡಿದು ನಗುತ್ತಿದ್ದ. ಕರಿಕಲ್ಲು ಬಟ್ಟೆ ಹೊದ್ದು ನಿಂತಿತ್ತು. ನೀನು ಕತ್ತರಿ ತೆಗೆದುಕೊಂಡೆ. ಆಮೇಲೆ ಕತ್ತರಿಯನ್ನು ಜೇಬಿಗೆ ಹಾಕಿಕೊಂಡು ಮೈಕಿಗೆ ಕೈ ಹಾಕಿದೆ.

"ನಿಲ್ಸಿ," ಅಂದೆ.

"ಮೇಡಂ, ಲಾರಿ ಹೊಟ್ಟೇಲಿ ಕಾಂಕ್ರೀಟು ಗಟ್ಟಿಯಾಗಿಬಿಡುತ್ತೆ!"

"ಆಗ್ಲಿ ಬಿಡಿ. ನಮ್ಮ ಹೊಟ್ಟೇಲಿ ಇಷ್ಟು ವರ್ಷ ಗಟ್ಟಿಯಾಗ್ಲಿಲ್ವಾ?"

ಜನ ನಕ್ಕರು. ಅದು ನಿನ್ನ ಹಳೆಯ ವರಸೆ, ನನಗೆ ಗೊತ್ತು. ಆಮೇಲಿನದು ಗೊತ್ತಿರಲಿಲ್ಲ. ನೀನು ಕಂಪನಿಗೆ ಬೆನ್ನು ಹಾಕಿ, ನಮ್ಮವರ ಕಡೆ ತಿರುಗಿ, ಕೂಗದೆ ಮಾತಾಡಿದೆ. ನಿನ್ನ ಕೂಗದ ದನಿಯನ್ನು ನಾನು ಸಭೆಯಲ್ಲಿ ಕೇಳಿದ್ದು ಅದೇ ಮೊದಲು. ಸುರಂಗದಲ್ಲಿ ಯಾರು ವಾಸ ಇದ್ದಾರೆ, ಕಂಪನಿಗೆ ಈಗ ಯಾಕೆ ಅವಸರ, ಎಲ್ಲ ಬಿಡಿಸಿ ಹೇಳಿದೆ. "ಇದನ್ನ ಕೇಳಿದ್ದು ನಾವೇ. ಕೇಳಿದ್ದು ಸರಿ. ಇವತ್ತು ಬೇಡ ಅಂತಿರೋದೂ ನಾವೇ" ಅಂದೆ.

ಲಾಂದ್ರದಜ್ಜಿ ಬಂದದ್ದನ್ನು ನಾನು ಮರೆಯುವುದಿಲ್ಲ. "ನನ್ನ ಮಗನ ಕಲ್ಲು ಕಿತ್ಕೋತೀಯೇನೇ, ಮುಂಡೇದೇ!" ಅಂತ ನಿನ್ನ ಅಂಗಿ ಹಿಡಿದು ಅಲ್ಲಾಡಿಸಿದಳು. ನೀನು ಬಿಡಿಸಿಕೊಳ್ಳಲಿಲ್ಲ. ಅವಳು ಸುಸ್ತಾಗುವವರೆಗೆ ನಿಂತಿದ್ದೆ. ಆಮೇಲೆ ಇವತ್ತು ಬೇಡ ಅನ್ನುವವರ ಕೈ ಎತ್ತಿಸಿದೆ. ಎಲ್ಲರೂ ಎತ್ತಲಿಲ್ಲ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಮ್ಯಾನೇಜರಿಗೆ ನೀನು ಕೇಳಿದ ಪ್ರಶ್ನೆಯನ್ನು ಈ ಬೆಟ್ಟದ ಮೇಲೆ ಕೆತ್ತಬೇಕು: "ಇಪ್ಪತ್ತು ವರ್ಷ ಮುಚ್ಚದೇ ಇದ್ದೋರು ನೀವು. ಇನ್ನೆರಡು ತಿಂಗಳು ಮುಚ್ಚದಿದ್ರೆ ನಿಮ್ಮದೇನು ಹೋಗುತ್ತೆ?" ಅಷ್ಟು ಪತ್ರಿಕೆಯವರ ಎದುರು ಅವನು ಮಣಿದ. ಏಪ್ರಿಲ್ ಹದಿನೈದರವರೆಗೆ ಕಾಯ್ತೀವಿ ಅಂದ. ಅಷ್ಟರಲ್ಲಿ ಬಾವಲಿ ಬರದಿದ್ದರೆ ಗೋಡೆ.

ನಿನ್ನ ಧೈರ್ಯ ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಪೊಲೀಸರ ಎದುರು, ಮಾಲೀಕರ ಎದುರು. ನಮ್ಮವರ ಎದುರು ನಿಲ್ಲುವುದು ಅದಕ್ಕಿಂತ ಕಷ್ಟ ಅಂತ ನಿನ್ನೆ ಕಂಡೆ. ನೀನು ಕ್ಷಮಿಸದಿದ್ದರೂ ಪರವಾಗಿಲ್ಲ. ನಾನು ನಿನ್ನ ತಂಗಿ ಅಂತ ಇಲ್ಲಿನ ಅಡುಗೆಯವನಿಂದ ಹಿಡಿದು ಡ್ರೈವರಿನವರೆಗೆ ಎಲ್ಲರಿಗೂ ಹೇಳಿಬಿಟ್ಟಿದ್ದೇನೆ.

ಗೂಬೆ


ಮಾರ್ಚ್ ೮

ಗೂಬೆಗೆ,

ಹೊಗಳಿಕೆ ಸಾಕು. ನಾನು ಮಾಡಿದ್ದು ನಿನಗಾಗಿ ಅಲ್ಲ.

ನಿನ್ನ ಐದನೇ ತಾರೀಖಿನ ಕಾಗದವನ್ನು ಅಮ್ಮನಿಗೆ ಅರ್ಧ ಓದಿ ಮಡಿಚಿಟ್ಟಿದ್ದೆ. ಅವಳು ಸೂಜಿ ನಿಲ್ಲಿಸದೆ, "ಪೂರ್ತಿ ಓದು" ಅಂದಳು. ಓದಿದೆ. ನೀನು ಮಾತು ತಪ್ಪಿದ್ದಕ್ಕೆ ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. "ಗೊತ್ತಿತ್ತು. ಅವಳ ಕಾಗದಕ್ಕೆ ನಿಮ್ಮಪ್ಪನ ಅಂಗೀದೇ ವಾಸನೆ ಇತ್ತು, ಒದ್ದೆ ಕಲ್ಲಿನ ವಾಸನೆ" ಅಂದಳು. ನಾನು ನಿನಗೆ "ಇಲ್ಲ" ಅಂತ ಬರೆದು ಅಂಚೆಗೆ ಹಾಕಿ ಬಂದೆ. ಅವಳು ಹೆಣೆಯುತ್ತಲೇ ಇದ್ದಳು.

ಹದಿನೆಂಟರ ಬೆಳಿಗ್ಗೆ ಬಸ್ಸು ಹತ್ತುವ ಮುಂಚೆ ನನ್ನ ಕಾಲರ್ ಸರಿ ಮಾಡುತ್ತಾ ಅಂದಳು: "ಅಂದ್ರೆ ಅಲ್ಲಿ ಅವ್ರೊಬ್ಬರೇ ಇಲ್ಲ."

ಗುಂಡಿ ಹಾಕುತ್ತಾ ಮತ್ತೆ ಕೇಳಿದಳು:

"ವರ್ಷಾ ವರ್ಷ ಮಕ್ಕಳು ಹುಟ್ತಾವಾ ಅಲ್ಲಿ?"

"ಹುಟ್ತಾವಂತೆ."

"ಮತ್ತೆ ಯಾಕೆ ಮುಚ್ತೀಯ?"

ದಾರಿಯುದ್ದಕ್ಕೂ ಆ ಪ್ರಶ್ನೆಗೆ ಉತ್ತರ ಹುಡುಕಿದೆ. ಕತ್ತರಿ ಕೈಗೆ ಬಂದಾಗಲೂ ಸಿಕ್ಕಿರಲಿಲ್ಲ. ಇಷ್ಟು ವರ್ಷ ಅಪ್ಪ ಆ ಕತ್ತಲಲ್ಲಿ ಒಬ್ಬನೇ ಬಿದ್ದಿದ್ದಾನೆ ಅಂತಲೇ ನಾನು ಕೂಗಾಡಿದ್ದು ಕಣೇ. ಅವನ ತಲೆಯ ಮೇಲೆ ಜೋಗುಳ ನಡೆಯುತ್ತಿತ್ತು ಅಂತ ನನಗೆ ಯಾರು ಹೇಳಿದ್ದರು?

ಇಲ್ಲಿ ಅರ್ಧ ಜನ ಮಾತು ಬಿಟ್ಟಿದ್ದಾರೆ. ಲಾಂದ್ರದಜ್ಜಿ ನನ್ನನ್ನು ಕಂಡರೆ ರಸ್ತೆ ದಾಟುತ್ತಾಳೆ. ನಿನ್ನ ಬಾವಲಿಗಳು ಬರಲಿಲ್ಲ ಅಂದರೆ ನಾನು ಈ ಬಂದರಿನಲ್ಲಿ ತಲೆ ಎತ್ತಿ ಓಡಾಡುವ ಹಾಗಿಲ್ಲ. ಅದು ಇರಲಿ. ಬಾಗಿಲಿನ ಅಳತೆ ಕಳಿಸು. ಯಾರ್ಡಿನ ಮೂಲೆಯಲ್ಲಿ ಹಡಗಿನ ಹಳೆಯ ಸರಳುಗಳಿವೆ, ಫೋರ್‌ಮನ್ ನೋಡದ ಹಾಗೆ ಇರುತ್ತಾನೆ. ಸಂದು ಎಷ್ಟಿರಬೇಕು?

ಅಕ್ಕ


ಏಪ್ರಿಲ್ ೪

ಅಕ್ಕಾ,

ಅಳತೆ ಇದರ ಜೊತೆಗಿದೆ. 

ಬಂದಿಲ್ಲ. ಮಾರ್ಚ್ ಮುಗಿಯಿತು. ಪ್ರತಿ ಸಂಜೆ ಬಾಯಿಯ ಹೊರಗೆ ಕಲ್ಲಿನ ಮೇಲೆ ಕೂರುತ್ತೇನೆ. ಈ ವರ್ಷ ಚಳಿ ಹೋಗುತ್ತಲೇ ಇಲ್ಲ, ಹುಳ ಎದ್ದಿಲ್ಲ, ಅದಕ್ಕೇ ತಡ ಅಂತ ಬುದ್ಧಿ ಹೇಳುತ್ತದೆ. ಮನಸ್ಸು ಬೇರೆಯೇ ಹೇಳುತ್ತದೆ. ಮ್ಯಾನೇಜರ್ ದಿನವೂ ಬಂದು ಕೇಳುತ್ತಾನೆ: "ಏನ್ ಮೇಡಂ, ನಿಮ್ಮ ನೆಂಟರು ಟ್ರೈನ್ ತಪ್ಪಿಸ್ಕೊಂಡ್ರಾ?" ಕಾಂಕ್ರೀಟ್ ಲಾರಿಗಳು ವಾಪಸ್ ಬಂದು ಸಾಲಾಗಿ ನಿಂತಿವೆ.

ನಿನ್ನ ತಲೆ ನನ್ನ ಕೈಯಲ್ಲಿದೆ ಅಂತ ನಿದ್ದೆ ಬರುತ್ತಿಲ್ಲ. ಅಮ್ಮನ ಸ್ವೆಟರ್ ಹಾಕಿಕೊಂಡು ಕೂತಿದ್ದೇನೆ.

ಗೂಬೆ


ಏಪ್ರಿಲ್ ೧೨

ಬೆಂಕಿಪೊಟ್ಟಣವೇ,

ಬಂದವು.

ನಿನ್ನೆ ಬೆಳಕು ಪೂರ್ತಿ ಆರಿರಲಿಲ್ಲ. ಕಣಿವೆಯ ಕಡೆಯಿಂದ ಹೊಗೆಯ ಎಳೆಯಂಥದ್ದು ಎದ್ದಿತು. ಹತ್ತಿರ ಬಂದಾಗ ಅದಕ್ಕೆ ರೆಕ್ಕೆ ಇತ್ತು. ಒಂದು ಎಳೆ, ಇನ್ನೊಂದು, ಆಮೇಲೆ ಹಗ್ಗ, ಆಮೇಲೆ ಹೊಳೆ. ನನ್ನ ಕೆನ್ನೆಗೆ ಗಾಳಿ ಬಡಿಯುವಷ್ಟು ಹತ್ತಿರದಲ್ಲಿ ಹಾದು ಒಳಗೆ ಹೋದವು. ಒಂದೂ ನನಗೆ ತಾಗಲಿಲ್ಲ. ಹೊಟ್ಟೆ ತುಂಬಿದ ತಾಯಂದಿರು, ಎಲ್ಲಿಂದಲೋ ಬೆಟ್ಟಗಳ ಮೇಲೆ ಹಾರಿ, ತಾವು ಹುಟ್ಟಿದ ಚಾವಣಿಯನ್ನೇ ಹುಡುಕಿಕೊಂಡು. ಗೋಡೆ ಇದ್ದಿದ್ದರೆ ಇಷ್ಟೂ ಅದಕ್ಕೇ ಬಂದು ಬಡಿಯುತ್ತಿದ್ದವು ಅಕ್ಕಾ.

ಮ್ಯಾನೇಜರ್ ನನ್ನ ಪಕ್ಕದಲ್ಲೇ ನಿಂತಿದ್ದ. ಗೇಲಿ ಮಾಡಲು ಬಂದವನು. ತಲೆಯ ಹೆಲ್ಮೆಟ್ ತೆಗೆದು ಎದೆಗೆ ಹಿಡಿದುಕೊಂಡ. ಯಾಕೆ ತೆಗೆದ ಅಂತ ಅವನಿಗೇ ಗೊತ್ತಿರಲಿಕ್ಕಿಲ್ಲ. ಬೆಳಿಗ್ಗೆ ಲಾರಿಗಳು ಇಳಿದು ಹೋದವು.

ಬಾಗಿಲು ಈಗ ತರಬೇಡ. ಸುತ್ತಿಗೆಯ ಬಡಿತಕ್ಕೆ ಮರಿಗಳು ಉದುರುತ್ತವೆ. ಮಳೆ ಮುಗಿದು ಅವು ಹೊರಟ ಮೇಲೆ ಕೂರಿಸೋಣ. ಅಲ್ಲಿಯವರೆಗೆ ಬಾಯಿಯ ಹತ್ತಿರ ಯಾರೂ ಹೋಗದ ಹಾಗೆ ನಾನಿದ್ದೇನೆ. ಕಾಯಲು ಬರುವುದಿಲ್ಲ ಅಂದಿದ್ದೆಯಲ್ಲ, ಕಲಿತುಕೋ.

ಗೂಬೆ


ಜುಲೈ ೨

ಗೂಬೆಗೆ,

ನಿನ್ನ ವರದಿಯ ಪ್ರತಿ ಸಂಘಕ್ಕೆ ಬಂತು. ಇಡೀ ಓದಿದೆ, ಮೊದಲ ಪುಟದಿಂದ ಕೊನೆಯ ನಕ್ಷೆಯವರೆಗೆ. ಒಂದು ಘೋಷಣೆ ಇಲ್ಲ, ಒಂದು ಬೈಗುಳ ಇಲ್ಲ, ಒಂದು ಆಶ್ಚರ್ಯಸೂಚಕವೂ ಇಲ್ಲ. ಕಲ್ಲು ನಡುಗಿದ್ದು ಎಷ್ಟು, ನೀರು ಇಳಿಯುವುದು ಎಷ್ಟು, ಹುಳ ಸಾಯುವುದು ಎಷ್ಟು, ಮರಿ ಉದುರುವುದು ಎಷ್ಟು. ಹೀಗೂ ಹೊಡೆಯಬಹುದು ಅಂತ ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ನಾನು ಕೂಗಿ ಒಂದು ಬಾಗಿಲು ಹಾಕಿಸಲಾಗಲಿಲ್ಲ. ನೀನು ಪಿಸುಮಾತಿನಲ್ಲಿ ಅರ್ಧ ಬೆಟ್ಟವನ್ನು ಅವರ ಬಾಯಿಂದ ಕಿತ್ತುಕೊಂಡೆ. ಸುರಂಗದ ಮಗ್ಗುಲು, ಕೆಳಗಿನ ಜೌಗು, ಎರಡನ್ನೂ ಬಿಟ್ಟುಕೊಡಲೇಬೇಕು ಅಂತ ಸರ್ಕಾರ ಬರೆದಿದೆ. ಬಿಸಿಲಿನ ಮಗ್ಗುಲನ್ನು ಮಾತ್ರ ಅಗೆಯುತ್ತಾರಂತೆ. ಅಗೆಯಲಿ ನೋಡೋಣ. ಆ ಅರ್ಧಕ್ಕೆ ಬಾವುಟ ನನ್ನದು.

ಬಾಗಿಲು ಸಿದ್ಧವಾಗಿದೆ. ಯಾರ್ಡಿನ ಗೋಡೆಗೆ ಒರಗಿ ನಿಂತಿದೆ. ಬಂದವರೆಲ್ಲ "ಇದ್ಯಾವ ಹಡಗಿಂದು?" ಅಂತ ಕೇಳುತ್ತಾರೆ. ಪೈಪ್ ಫಿಟ್ಟರ್, "ಬಾವಲಿ ಹಡಗು, ಟಿಕೆಟ್ ಇಲ್ಲ" ಅನ್ನುತ್ತಾನೆ.

ಹೋದ ವಾರ ಲಾಂದ್ರದಜ್ಜಿ ಬಂದಳು. ಫೆಬ್ರವರಿಯ ನಂತರ ಅದೇ ಮೊದಲು. ನನ್ನನ್ನು ಮಾತಾಡಿಸಲಿಲ್ಲ. ಸರಳುಗಳ ನಡುವೆ ಕೈ ಹಾಕಿ ತೆಗೆದಳು, ತಲೆ ಹಾಕಿ ನೋಡಿದಳು, ತೂರಲಿಲ್ಲ. "ಮಕ್ಕಳು ನುಗ್ಗಲ್ಲ ತಾನೇ?" ಅಂದಳು. ನುಗ್ಗಲ್ಲ ಅಜ್ಜಿ, ಅಂದೆ. "ನಮ್ಮೋರ ಹೆಸರು ಎಲ್ಲಿ ಹಾಕ್ತೀಯ?" ಅಂದಳು.

ಅದನ್ನೇ ಯೋಚಿಸುತ್ತಿದ್ದೆ. ಒಪ್ಪಂದ ಮುರಿದಿರಿ ಅಂತ ಕರಿಕಲ್ಲನ್ನು ಕಂಪನಿ ವಾಪಸ್ ಒಯ್ದಿತಲ್ಲ. ಬೇಡ ಅವರ ಕಲ್ಲು. ಅಡ್ಡ ಸರಳುಗಳ ಮೇಲೆ ವೆಲ್ಡಿಂಗಿನಿಂದಲೇ ಬರೆಯುತ್ತೇನೆ, ಒಂದು ಸರಳಿಗೆ ಒಂದು ಹೆಸರು, ಅಂದೆ. ಹೆಸರುಗಳ ನಡುವೆ ಹಾರಿ ಹೋಗುತ್ತವೆ, ಹಾರಿ ಬರುತ್ತವೆ. ಅಜ್ಜಿ ಸರಳುಗಳನ್ನು ಒಂದೊಂದಾಗಿ ಎಣಿಸಿದಳು. ಆಮೇಲೆ ಅಂದಳು: "ನನ್ನ ಮಗನ ಹೆಸರಿನ ಕೊನೇ ಅಕ್ಷರ ಸ್ವಲ್ಪ ಉದ್ದ ಎಳಿ. ನಾನು ಹಾಗೇ ಕೂಗ್ತಿದ್ದೆ." ಎಳೆದಿದ್ದೇನೆ. ಕಬ್ಬಿಣ ಆರುವವರೆಗೆ ಕಾದು, ಬೆರಳಿನಿಂದ ಮುಟ್ಟಿ ನೋಡಿ ಹೋದಳು.

ಎಲ್ಲರದೂ ಆಯಿತು. ಮೇಲಿನ ಸರಳು ಖಾಲಿ ಬಿಟ್ಟಿದ್ದೇನೆ. ಅದು ಅಪ್ಪನದು. ನಾನು ಅವನ ಹೆಸರನ್ನು ಅರ್ಜಿಗಳಲ್ಲಿ, ಕರಪತ್ರಗಳಲ್ಲಿ, ಕೋರ್ಟಿನಲ್ಲಿ ಸಾಕಾಗುವಷ್ಟು ಬರೆದಿದ್ದೇನೆ. ಅವನ ಮುಖ ನೆನಪಿಲ್ಲದವಳು ನೀನು, ಆದರೆ ಇಷ್ಟು ದಿನ ಅವನ ಹತ್ತಿರ ಕೂತಿದ್ದವಳು. ನೀನೇ ಬರೆಯಬೇಕು. ಕನ್ನಡಕ ನಾನು ಕೊಡುತ್ತೇನೆ, ಕೈ ಹಿಡಿದುಕೊಳ್ಳುತ್ತೇನೆ. ಅಕ್ಷರ ಸೊಟ್ಟ ಬಂದರೆ ಬರಲಿ, ಅಪ್ಪ ಏನೂ ಅನ್ನುವುದಿಲ್ಲ.

ಬಾವಲಿಗಳು ಹೊರಟ ಮೇಲೆ ಬಾ. ಬರುವಾಗ ಮಾತ್ರ ಅಮ್ಮನ ಸ್ವೆಟರ್ ಹಾಕಿಕೊಂಡು ಬರಬೇಡ. ಕಿಡಿ ಹಾರುತ್ತದೆ.

ಅಕ್ಕ